ಕಾಯ್ತಾನ್ ಮಾಸ್ತರ

ಹೆಸರು ಕೇಳಿ ನಕ್ಕಿದ್ದೆ ನಾ ಮೊದಲ ದಿನ.
ಕಾಯ್ತಾನಂತ ಕಾಯ್ತಾನ! ಯಾರನ್ನ? ಯಾತಕ್ಕ?
ಅವರ ಭಾಷಾದಾಗ ಅದು ಯಾವುದೋ ಸಂತನ ಹೆಸರಂತ.
ನಮ್ಮ ಭಾಷಾದಾಗ ಅದೊಂದು ಕೆಲಸ,
ನನ್ನ ಮಗನಿಗೆ ಬರಲಾರದ ಕೆಲಸ.

ಫಕೀರೇಶ ಹುಟ್ಟಿದ್ದ ಏಳು ತಿಂಗಳಿಗೆ.
ಒಳಗ ಕುಂದ್ರಾಕೂ ಪುರಸೊತ್ತಿಲ್ಲದ ಕೂಸು.
ಅನ್ನ ಬಿಸಿ ಇದ್ದಾಗ ಬಾಯಿಗೆ,
ಬಾಯಿ ಸುಟ್ಟಾಗ ತಾಟು ಗ್ವಾಡಿಗೆ.
ಮಾಂಗೋರ್ ಗುಡ್ಡದ ನಮ್ಮ ಓಣ್ಯಾಗ
ಅವನ ಕಲ್ಲು ಬೀಳದ ತಗಡು ಒಂದೂ ಇಲ್ಲ.

ಮಾಸ್ತರ ಮೂವತ್ತು ವರ್ಷ ಹಡಗದಾಗ ದುಡದವ.
ಈಗ ಗುಡ್ಡದ ಕೆಳಗ, ಚರ್ಚಿನ ಹಿಂದ,
ಐತವಾರ ಮಧ್ಯಾಹ್ನ ಕಟ್ಟಿ ಮ್ಯಾಲ ಹಾಸು ಬಿಚ್ಚತಾನ.
ಹಾಸು ಅಂದ್ರ ಹಳೇ ಎಲೆಕ್ಷನ್ನಿನ ಫ್ಲೆಕ್ಸು:
ಹಿಂದ ಅರವತ್ನಾಕು ಮನಿ, ಬಣ್ಣದಾಗ ಬರದದ್ದು,
ಮುಂದ ಯಾರೋ ಕೈ ಮುಗದು ನಗಾಕತ್ತಾರ
ನೆಲಕ್ಕ ಮಾರಿ ಹಚ್ಚಿ.
ಕರೇ ಕುದುರಿ ಒಂದು ಕಳದೈತಿ.
ಅದರ ಜಾಗಾದಾಗ ಒಂದು ಗೋಡಂಬಿ.
ಕುತಗಿ ಬಗ್ಗಿಸಿದ ಕುದುರಿ ಹಂಗ ಕಾಣತೈತಿ, ಬೇಕಾರ ನೋಡ್ರಿ.

ನಾ ಓದಿದಾಕಿ ಅಲ್ಲ.
ಧಕ್ಕಿ ಮ್ಯಾಲ ಮೀನ ಆರಿಸಿ, ಬುಟ್ಟಿಗಿಷ್ಟಂತ ಇಸಗೊಳ್ಳಾಕಿ.
ಕುದುರಿ ಎರಡೂವರಿ ಮನಿ ಯಾಕ ಜಿಗೀತೈತಿ ಅನ್ನೂದು
ಇವತ್ತಿಗೂ ತಿಳಿದಿಲ್ಲ.
ನಾ ಕಂಡದ್ದು ಒಂದ:
"ಮುಟ್ಟೂ ಮೊದಲ ಕೈ ಮ್ಯಾಲ ಕುಂದ್ರು" ಅಂತಿದ್ದ ಮಾಸ್ತರ.
ಖರೇನ, ಹುಡುಗ್ರು ಎರಡೂ ಅಂಗೈ ತೊಡಿ ಬುಡಕ ಇಟಗೊಂಡು
ಕೋಳಿ ಕಾವಿಗೆ ಕುಂತಂಗ ಕುಂತಿದ್ವು.
ನನ್ನವನೂ.
ಮೊಣಕಾಲು ಅಳ್ಳಾಡತಿದ್ವು, ಕೈ ಇಲ್ಲ.
ಬಂದರದಾಗ ಹಡಗೊಂದು ಉದ್ದಕ ಕೂಗತು.
ಅವ ತಿರುಗಿ ನೋಡಲಿಲ್ಲ.

"ಇದರಿಂದ ಏನ್ ಬರತೈತಿ ಹುಲಿಗೆವ್ವಾ?
ಫುಟಬಾಲ್ ಆಡಿದ್ರ ಬೂಟರ ಕೊಡತಾರ"
ಅಂದಳು ಬಾಜೂ ಮನಿ ಕಾಶೀಂಬಿ.
ನನಗ ಹೇಳಾಕ ಏನೂ ತೋಚಲಿಲ್ಲ.
ಲೆಕ್ಕದಾಗ ಮಾರ್ಕ್ಸು ಇನ್ನೂ ಅಷ್ಟಕ್ಕಷ್ಟ.

ಆದ್ರ ಮಳಿಗಾಲ ಶುರುವಾಗಿ ದೋಣಿ ದಂಡಿಗೆ ಬಿದ್ದಾಗ
ಸುಪರ್ವೈಜರ ನಮ್ಮ ಎರಡು ವಾರದ ರೊಕ್ಕ ನುಂಗಿದ.
ಸೆರಗ ಸಿಗಿಸಿ ಹೊಂಟಿದ್ದೆ, ಬಾಯಿ ತುಂಬ ಬೈಗುಳ ಹೊತ್ತು.
ಹೊಸ್ತಿಲದಾಗ ಕುಂತ ಮಗ ಕೇಳಿದ,
"ನೀ ಹಂಗಂದ್ರ ಅವ ಏನಂತಾನ ಅವ್ವಾ?"
"ನಾಳಿಂದ ಬರಬ್ಯಾಡ ಅಂತಾನ."
"ಆಮ್ಯಾಲ ನೀ?"

ನಿಂತೆ.
ಆಮ್ಯಾಲ ನಾ ಏನು ಅಂತ
ಮೂವತ್ತಾರು ವರ್ಷದಾಗ ಯಾರೂ ಕೇಳಿರಲಿಲ್ಲ ನನ್ನ.
ಕುಂತೆ. ಕೈ ಮ್ಯಾಲ.
ಮರದಿನ ಐದು ಮಂದಿ ಹೆಂಗಸರು ಕೂಡೇ ಹೋದಿವಿ
ಬುಟ್ಟಿ ಲೆಕ್ಕದ ಚೀಟಿ ಹಿಡದು.
ಅರ್ಧ ಬಂತು. ಅರ್ಧ ಇನ್ನೂ ಬರಬೇಕು.

ಮಡಗಾಂವದ ಪಂದ್ಯಾದಾಗ ಐದರಾಗ ನಾಕು ಸೋತ.
ಎದುರಿನ ಹುಡುಗೀದು ಕೈ ಕುಲುಕಿ ಎದ್ದ,
ಬಸ್ಸಿನಾಗ ಕಿಡಕಿಗೆ ಮಾರಿ ಹಚ್ಚಿ
ವೆರ್ಣಾ ದಾಟೂತನಕ ಅತ್ತ.
ನಾ ಹಿಂದಿನ ಸೀಟಿನಾಗ, ಬಾಯಿ ತೆಗೀಲೋ ಬ್ಯಾಡೋ ಅಂತ.
ಮಾಸ್ತರ ಅವನ ಬಾಜೂಕ, ಒಂದ ಮಾತೂ ಆಡಲಿಲ್ಲ.
ಕಾಯ್ದ.

ನಿನ್ನೆ ಹಾಸು ಮನಿಗೆ ತಂದಿದ್ದ,
ಒಬ್ಬನ ಎರಡೂ ಕಡಿ ಕುಂತು ಆಡಾಕತ್ತಿದ್ದ.
ಸಣ್ಣಾಕಿ ಬಂದು ಕರೇ ಕುದುರಿ ತಿಂದಳು.
ಆಟದಾಗ ಅಲ್ಲ, ಖರೇನ, ಕಟಂ ಅಂತ.

ಹ್ವಾದ ವರ್ಷ ಆಗಿದ್ರ ಅಕಿ ಬೆನ್ನು ಅಕೀದಾಗಿ ಉಳೀತಿರಲಿಲ್ಲ.
ಒಲಿ ಮುಂದಿಂದ ಎದ್ದೆ, ನಡುವ ಬೀಳಾಕ.
ಅವ ಅಕಿ ಬಾಯಿ ನೋಡಿದ, ಹಾಸು ನೋಡಿದ.
ಅಂಗೈ ಎರಡೂ ತೊಡಿ ಬುಡಕ ಹೋದ್ವು.
ಹಾಲು ಉಕ್ಕಿ ಹರಿಯಾಕತ್ತು, ಹರೀಲಿ ಅಂತ ಬಿಟ್ಟೆ.

"ಕುಂದ್ರು ಬಾ" ಅಂದ.
"ಕರೇವು ನನ್ನವು. ಕುದುರಿ ಇಲ್ಲದ ಆಡತೇನಿ.
ನಿಂದ ಮೊದಲ."