ಚಡ್ಡಿ ಹೂತ ವರ್ಷ

ಮೇ ತಿಂಗಳ ಎರಡನೆಯ ಮಂಗಳವಾರ
ಕೃಷಿ ಕಾಲೇಜಿನ ಬಿಳಿ ವ್ಯಾನು ನಮ್ಮ ಅಂಗಳಕ್ಕೆ ಬಂತು.
ಇಳಿದವಳು ಆರ್ಡಿತ್ ಐಲರ್ಸ್. ಕೈಯಲ್ಲಿ ಕರಪತ್ರವಿಲ್ಲ,
ಮಣ್ಣು ತೆಗೆಯುವ ಕೊಳವೆಯಿಲ್ಲ,
ಗಂಡಸರ ಎರಡು ಚಡ್ಡಿ. ಹೊಸವು, ಅಪ್ಪಟ ಹತ್ತಿ.

"ಒಂದನ್ನು ನಿನ್ನ ಮೆಕ್ಕೆಜೋಳದ ಹೊಲದಲ್ಲಿ ಹೂಳು, ವರ್ಲಿನ್,
ಇನ್ನೊಂದನ್ನು ನೇಗಿಲು ಮುಟ್ಟದ ಕಡೆ ಎಲ್ಲಾದರೂ.
ಅರವತ್ತು ದಿನ. ಆಮೇಲೆ ಅಗೆದು ತಾ."
ನಾನು ಹೆಂಡತಿಯ ಕಡೆ ನೋಡಿದೆ.
ಜೊಲೀನ್ ಪಾತ್ರೆ ಒರೆಸುವುದು ಬಿಟ್ಟು
ಕಿಟಕಿಯಾಚೆ ಏನೋ ಇದೆಯೆಂಬಂತೆ ನಿಂತಿದ್ದಳು,
ಭುಜ ಕುಲುಕುತ್ತಿತ್ತು.

ನೇಗಿಲು ಮುಟ್ಟದ ಜಾಗ
ಅಯೋವಾದ ಈ ಮೂಲೆಯಲ್ಲಿ ಎಲ್ಲಿದೆ ಹೇಳಿ.
ಅಂಚೆಡಬ್ಬಿಯ ಕಂಬವನ್ನೂ ಸುತ್ತಿ ಉಳುವವರು ನಾವು.
ಉಳಿದದ್ದು ಹಳೆಯ ಲೂಥರನ್ ಸ್ಮಶಾನ ಒಂದೇ:
ನನ್ನ ಹೊಲದ ನಡುವೆ ಅರ್ಧ ಎಕರೆ,
ಹನ್ನೊಂದು ಕಲ್ಲು, ಸವೆದ ಜರ್ಮನ್ ಅಕ್ಷರ,
ಯಾರೂ ಬಿತ್ತದ ಆಳೆತ್ತರದ ಹುಲ್ಲು.

ಸಲಿಕೆ ಹೊತ್ತು ಹೋದವನು ಅಂಚಿನಲ್ಲಿ ಎಡವಿದೆ.
ನಲವತ್ತು ವರ್ಷ ಅದರ ಸುತ್ತ ಟ್ರ್ಯಾಕ್ಟರ್ ತಿರುಗಿಸಿದ್ದೇನೆ,
ಕಾಲಲ್ಲಿ ಹತ್ತಿದ್ದು ಅವತ್ತೇ ಮೊದಲು.
ಸ್ಮಶಾನದ ನೆಲ ನನ್ನ ಮೊಣಕಾಲಿಗೆ ಬಂತು.
ಸತ್ತವರೇನೂ ಮೇಲೆದ್ದಿರಲಿಲ್ಲ.
ಹೊಲ ಇಳಿದಿತ್ತು.

ಕ್ಷಮಿಸಿ ಅಂತ ಹೇಳಿ ಚಡ್ಡಿ ಹೂತೆ.
ಯಾರಿಗೆ ಹೇಳಿದೆನೋ.

ಜುಲೈಯಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ.
ಕಾಫಿ, ರೂಬಾರ್ಬ್ ಕೇಕು, ಗೋಡೆಯಿಂದ ಗೋಡೆಗೆ ಹಗ್ಗ,
ಹಗ್ಗದ ತುಂಬ ಇಡೀ ಕೌಂಟಿಯ ಚಡ್ಡಿ,
ಒಂದೊಂದಕ್ಕೂ ಹೆಸರಿನ ಚೀಟಿ.
ಚಳಿಗಾಲಕ್ಕೆ ರೈ ಬಿತ್ತುವ ಹುಚ್ಚನೆಂದು
ನಾವು ಆಡಿಕೊಂಡ ಡೆಲ್ಬರ್ಟ್ ಹಾರ್ಮ್ಸ್, ಅವನದು ಜರಡಿ.
ಸ್ಮಶಾನದ್ದು ಬರೀ ಇಲಾಸ್ಟಿಕ್ಕು,
ಕೈಗೆ ಹಾಕಿಕೊಂಡರೆ ಬಳೆ.
ನನ್ನ ಹೊಲದ್ದೋ, ಒಗೆದರೆ ಭಾನುವಾರಕ್ಕೆ ಉಡಬಹುದಿತ್ತು.
ಎಲ್ಲ ನಕ್ಕರು. ನಾನೂ ನಕ್ಕೆ.
ಚಡ್ಡಿ ಉಳಿಯಿತು, ಮಾನ ಹೋಯಿತು.

ಹೊರಗೆ ವ್ಯಾನಿಗೆ ಕುರ್ಚಿ ಏರಿಸುತ್ತಿದ್ದವಳನ್ನು ತಡೆದು ಕೇಳಿದೆ:
"ನಮ್ಮಪ್ಪನ ಮೇಜಿನ ಖಾನೆಯಲ್ಲಿ ಇನ್ನೂ ಇದೆ
ನಿಮ್ಮ ಕಾಲೇಜಿನ ಪುಸ್ತಿಕೆ.
ಬೇಲಿಯಿಂದ ಬೇಲಿಗೆ ಉಳಿ, ಜೌಗು ಬಸಿ, ಮರ ಕಡಿ.
ಅದೇ ಮುದ್ರೆ, ಅದೇ ಗೋಪುರದ ಚಿತ್ರ.
ಅಪ್ಪ ಅದನ್ನು ಬೈಬಲ್ಲಿನ ಪಕ್ಕ ಇಟ್ಟಿದ್ದ."
ಆರ್ಡಿತ್ ಕುರ್ಚಿ ಕೆಳಗಿಟ್ಟಳು.
"ಹೌದು, ನಾವೇ ಹೇಳಿದ್ದು," ಅಂದಳು.
ಇನ್ನೇನೋ ಹೇಳುತ್ತಾಳೆಂದು ಕಾದೆ.
ಸೊಳ್ಳೆ ಹೊಡೆದುಕೊಂಡಳು.
"ನನ್ನ ಮಾವನೇ ಬರೆದದ್ದು, ಆ ಎರಡನೆಯ ಅಧ್ಯಾಯ."

ಸೆಪ್ಟೆಂಬರಿನಲ್ಲಿ ನಲವತ್ತು ಎಕರೆಗೆ ರೈ ಹಾಕಿದೆ,
ಜೋಳ ನಿಂತಿರುವಾಗಲೇ, ಸಾಲಿನ ನಡುವೆ, ಅಂಕುಡೊಂಕಾಗಿ.
ಉಳಿದದ್ದನ್ನು ಮೊದಲಿನಂತೆಯೇ ಉತ್ತೆ, ಸುಳ್ಳು ಯಾಕೆ.
ಮಾರ್ಚಿನಲ್ಲಿ ಮಂಜು ಕರಗುವಾಗ
ಒಂದು ಕಾಲುವೆ ಕಾಫಿಯಂತೆ ಹರಿಯಿತು,
ಇನ್ನೊಂದು, ಹೇಗೆ ಹೇಳಲಿ, ನೀರಿನಂತೆ.
ಎರಡೂ ಸೇರುವುದು ಅದೇ ಹಳ್ಳಕ್ಕೆ.
ಹಳ್ಳ ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ಜುಲೈ ಮತ್ತೆ ಅಗೆದೆ.
ಇದು ಆರ್ಡಿತ್ ಕೊಟ್ಟದ್ದಲ್ಲ, ನನ್ನದೇ, ಹಳೆಯದು.
ಮಣ್ಣು ಕೊಡವಿ ಅಡುಗೆಮನೆಗೆ ತಂದೆ,
ಹಿಂಬದಿಯಲ್ಲಿ ಬಿದ್ದಿದ್ದ ತೂತಿಗೆ ಬೆರಳು ತೂರಿಸಿ
ಜೊಲೀನ್ ಮುಂದೆ ಆಡಿಸಿದೆ.
"ಮೊದಲೇ ಇತ್ತು ಅದು," ಅಂದಳು.

ಇರಲಿಲ್ಲ.
ಅಷ್ಟು ದೊಡ್ಡದಂತೂ ಇರಲಿಲ್ಲ.