ದುಭಾಷಿಯ ಪಾಲು

ಅವನ ಹೆಸರು ತಿಹೊಮಿರ್.
ಅವರ ನುಡಿಯಲ್ಲಿ ಸದ್ದಿಲ್ಲದ ಶಾಂತಿ ಎಂದರ್ಥ.
ಇದನ್ನು ಕುಮಾಸಿಯಲ್ಲಿ ಬಲ್ಲವನು ನಾನೊಬ್ಬನೇ,
ಹಾಗಾಗಿ ನಕ್ಕವನೂ ನಾನೊಬ್ಬನೇ,
ಮೊದಲ ದಿನ ಗೆರೆಯಾಚೆ ನಿಂತು ಆತ
ಗೋಲ್‌ಕೀಪರನ ಅಜ್ಜಿಯನ್ನೂ ಬಿಡದೆ ಬೈಯುವಾಗ.

ನೋವಿ ಸಾದಿನಲ್ಲಿ ನಾಲ್ಕು ಚಳಿಗಾಲ ನಡುಗಿ
ಸೇತುವೆ ಕಟ್ಟುವುದು ಕಲಿತು ಬಂದವನು ನಾನು, ಒಪೊಕು.
ಊರಲ್ಲಿ ಯಾರೂ ಒಂದು ಸೇತುವೆ ಕೇಳಲಿಲ್ಲ.
ಮೂವತ್ತು ವರ್ಷ ನಾಲಗೆಯ ಮೇಲೆ ತುಕ್ಕು ಹಿಡಿದ ಆ ಭಾಷೆಗೆ
ಒಂದು ದಿನ ಕ್ಲಬ್ಬಿನವರು ಸಂಬಳ ಕೊಟ್ಟರು.

ಮಧ್ಯಂತರ. ಸೊನ್ನೆಗೆ ಎರಡು.
ಬೆವರು, ಮುಲಾಮು, ಕಿತ್ತಳೆ ಸಿಪ್ಪೆಯ ವಾಸನೆ.
ಆತ ಆಡಿದ್ದು ಐದೇ ಮಾತು,
ಐದರಲ್ಲಿ ಮೂರು ಮಕ್ಕಳೆದುರು ಆಡುವಂಥವಲ್ಲ.
ಹುಡುಗರು ನನ್ನ ಮುಖ ನೋಡಿದರು.
ನಾನು ತ್ವಿಯಲ್ಲಿ ಹೇಳಿದೆ:
ಮನೆಯಲ್ಲಿ ಫುಫು ಕುಟ್ಟುವಾಗ
ಒನಕೆ ಎತ್ತುವವಳೂ ಒರಳಲ್ಲಿ ಕೈಯಾಡಿಸುವವಳೂ
ಮುಖ ಮುಖ ನೋಡುತ್ತಾರೇನ್ರೋ?
ಜಗಳವನ್ನೂ ಆಡುತ್ತಿರುತ್ತಾರೆ. ಬೆರಳು ಜಜ್ಜುವುದಿಲ್ಲ.
ಹಾಗೆ ಚೆಂಡು ಕೊಡಿ ಅಂತಿದ್ದಾರೆ ಕೋಚು.

ಮೂರಕ್ಕೆ ಎರಡು, ಗೆದ್ದೆವು.

ಆಮೇಲೆ ಕೇಳಬೇಡಿ.
ಟ್ರೋಟ್ರೋ ವ್ಯಾನುಗಳ ಬೆನ್ನ ಮೇಲೆಲ್ಲ ಅವನ ಬೋಳುತಲೆ,
ಕೆಜೆಟಿಯಾ ಸಂತೆಯಲ್ಲಿ ಅವನ ಮುಖದ ಅಚ್ಚಿನ ಬಟ್ಟೆ,
ಬಾಂತಾಮಾದ ಪಾದ್ರಿಯ ಪ್ರವಚನದಲ್ಲೂ ಒರಳು, ಒನಕೆ.
ಆ ವರ್ಷ ಹುಟ್ಟಿದ ಕೂಸುಗಳಿಗೆ ತಿಹೊಮಿರ್ ಅಂತ ಹೆಸರು.
ಒಂದು ನಮ್ಮ ಪಕ್ಕದ ಮನೆಯದೇ,
ರಾತ್ರಿಯಿಡೀ ಅಳುತ್ತದೆ ಸದ್ದಿಲ್ಲದ ಶಾಂತಿ.

ಜನ ಅವನ ಮೇಲೆ ಮುಗಿಬೀಳುವಾಗ
ನಾನು ಅವನ ಚೀಲ ಹಿಡಿದು ಹಿಂದೆ ನಿಂತಿರುತ್ತಿದ್ದೆ.
ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು.
ಒಂದು ಸಂಜೆ ಅವನೇ ಕೇಳಿದ:
ನಾನು ಇಷ್ಟು ಅಂದರೆ ನೀನು ಅಷ್ಟು ಅಂತೀಯ,
ನಿಮ್ಮ ಭಾಷೆ ಅಷ್ಟು ಉದ್ದವೋ?
ಉದ್ದ, ಎಂದೆ.
ಇರಲಿ, ಉದ್ದವೇ ಇರಲಿ, ಎಂದು ಸಿಗರೇಟು ಹಚ್ಚಿದ.

ಮರುವರ್ಷ ಸಾಲಾಗಿ ಐದು ಸೋಲು.
ನೀರಿನ ಪೊಟ್ಟಣಗಳು ತೂರಿಬಂದವು. ಬೋಳುತಲೆ, ಗುರಿ ಸಲೀಸು.
ಅಚ್ಚಿನ ಬಟ್ಟೆಯಲ್ಲಿ ಮೀನು ಮಾರುವವರು ಹಲಗೆ ಒರೆಸಿದರು.
ಅಧ್ಯಕ್ಷರು ಅರ್ಧ ಗಂಟೆ ಮಾತಾಡಿದರು:
ಕೃತಜ್ಞತೆ, ಪರಿಸ್ಥಿತಿ, ದೇವರ ಚಿತ್ತ.
ನಾನು ಅವನತ್ತ ತಿರುಗಿ, ಮುಗೀತು ತಿಹೋ, ಅಂದೆ.
ಆ ಒಂದು ಸಲ ನನ್ನದೇ ಗಿಡ್ಡ ಮಾತು.

ಈಗ ಅವನು ದಾನ್ಯೂಬಿನ ದಡದ ಅಪಾತಿನಿನಲ್ಲಿದ್ದಾನೆ,
ಹನ್ನೆರಡು ದಾಟದ ಹುಡುಗರಿಗೆ ಚೆಂಡು ಹೇಳಿಕೊಡುತ್ತ.
ನಿನ್ನೆ ಫೋನು ಮಾಡಿದ್ದ. ಹಿಂದೆ ಸೀಟಿ, ಗಾಳಿ, ಕೆಸರಿನ ಪಚಪಚ.
ಈ ಪೋರರಿಗೆ ನನ್ನ ಮಾತು ತಲೆಗೆ ಹೋಗೋದಿಲ್ಲ ಮಾರಾಯ,
ಸ್ಪೀಕರಿಗೆ ಹಾಕಿದ್ದೇನೆ,
ನಿಮ್ಮ ಭಾಷೆಯಲ್ಲೇ ಹೇಳು ಇವರಿಗೆ
ಆ ಒರಳಿನದು, ಅಂದ.

ಒರಳಿನ ಸುದ್ದಿ ನಾನು ಅವನಿಗೆ
ಎಂದೂ ಹೇಳಿದವನಲ್ಲ.
ಗಂಟಲು ಸರಿಮಾಡಿಕೊಂಡೆ.