ನೀರಿನ ಗೆರೆ

ಚಾಳು ಕೆಡವುತ್ತಾರಂತೆ. ಗೋಡೆಗೆ ನೋಟೀಸು ಅಂಟಿಸಿ ಹೋದರು.
ಘೋಡಪದೇವದ ಈ ಖೋಲಿಯ ಅಟ್ಟದಿಂದ ಇಳಿದದ್ದು
ತಳ ತೂತಾದ ಹಂಡೆ, ಬತ್ತಿಯ ಸ್ಟೋವು, ಯಾರದೋ ಮದುವೆಯ ಟ್ರಂಕು,
ಮತ್ತೆ, ಹಾಲಿನ ಚೀಲಗಳಲ್ಲಿ ಸುತ್ತಿಟ್ಟ ಒಂದು ಹಡಗು.
ಮೂವತ್ತೊಂದು ವರ್ಷದಿಂದ ಅರ್ಧ.

ಫೋರ್ಟಿನ ಫುಟ್‌ಪಾತಿನಲ್ಲಿ ಒಬ್ಬ ಖಲಾಸಿ ಮಾರಿದ್ದ.
ಅರವತ್ತು ರೂಪಾಯಿ. ಅಪ್ಪನ ಮುಂದೆ ಇಪ್ಪತ್ತು ಅಂದಿದ್ದೆ.

ಡಬ್ಬಿಯ ಮೇಲೆ ಓದಲು ಬರುವುದು ಇಷ್ಟೇ:
ಏಳುನೂರರಲ್ಲಿ ಒಂದು. ನಾವು ಅದಕ್ಕೆ ಪ್ರಮಾಣ ಅನ್ನುತ್ತೇವೆ,
ಕೋರ್ಟಿನಲ್ಲಿ ಕೈ ಎತ್ತಿ ಮಾಡುವುದಕ್ಕೂ ಅದೇ ಮಾತು.
ಎಸ್ಸೆಸ್ಸಿ ಮುಗಿಯಲಿ, ಮಾರನೇ ದಿನ ನಿನ್ನನ್ನು ಮುಗಿಸುತ್ತೇನೆ
ಎಂದು ಇದಕ್ಕೂ ಒಂದು ಮಾಡಿದ್ದೆ.

ಟ್ಯೂಬಿನ ಅಂಟು ಕಲ್ಲಾಗಿದೆ.
ಹೆಸರು, ನಂಬರು ಅಚ್ಚಾದ ಡೆಕಾಲ್ ಹಾಳೆ
ಅರಿಸಿನ ಬಳಿದಂತೆ. ಕಿಟಕಿಯ ಗಾಜಿಗೆ ಅಂಟಿಸಿ
ಹನ್ನೆರಡು ದಿನ ಬಿಟ್ಟೆ; ಹಳದಿಯನ್ನು ಬಿಸಿಲು ಕುಡಿಯುತ್ತದೆ.
ಇದು ನನಗೆ ಹೇಗೆ ಗೊತ್ತು? ಯಾರು ಹೇಳಿದ್ದರು?
ಮಹಾನಂದಾ, ಸೊಲ್ಲಾಪುರದವಳು, ಹಸಿ ಬಟ್ಟೆ ಹಿಡಿದು ನಿಂತಳು:
"ಅರಿವಿ ಒಣಹಾಕಾಕ ಜಾಗಾ ಇಲ್ಲ, ನಿಮ್ಮ ನಂಬರಿಗೆ ಬಿಸಿಲ ಬೇಕೇನ?"
ರಾತ್ರಿ ಕೇಳದೆಯೇ ಕೊಟ್ಟಳು
ಹುಬ್ಬಿನ ಚಿಮಟ, ಉಗುರು ತಿಕ್ಕುವ ಅರ.

ಹಗಲು ನಾನು ದಾರುಖಾನಾದಲ್ಲಿ
ಮುಸ್ತನ್ಸಿರ್ ಸೇಠರ ತೂಕದ ಕಟ್ಟೆಯ ಗುಮಾಸ್ತ.
ಭರತದಲ್ಲಿ ಬಂದ ಹಡಗು ಇಳಿತದಲ್ಲಿ ಕೆಸರಿಗೆ ಕೂರುತ್ತದೆ.
ನೀಲಿ ಉರಿ ಹೊಟ್ಟೆ ಸೀಳುತ್ತದೆ, ಲಾರಿ ಬಂದು ನಿಲ್ಲುತ್ತದೆ,
ಬರೆಯುತ್ತೇನೆ: ಒಂಬತ್ತು ಟನ್ನು ನಾನೂರು ಕಿಲೋ.
ಇಪ್ಪತ್ತಾರು ವರ್ಷ. ಎಷ್ಟು ಹಡಗು ನನ್ನ ಪೆನ್ನಿನಲ್ಲಿ ಕರಗಿದವೋ,
ಒಂದನ್ನೂ ಇಡಿಯಾಗಿ ಬರೆದಿಲ್ಲ.

ಇಲ್ಲಿ ಉಸಿರು ಬಿಟ್ಟರೆ ಏಣಿ ಹಾರುತ್ತದೆ.
ಸಾಸಿವೆಗಿಂತ ಸಣ್ಣ ದೋಣಿಯ ರಾಟೆ ನೆಲಕ್ಕೆ ಬಿದ್ದು
ಮಂಡಿಯೂರಿ ಹುಡುಕಿದೆ ಅರ್ಧ ಗಂಟೆ, ಟಾರ್ಚು ಹಿಡಿದು,
ಸಿಕ್ಕಿದ್ದು ಮಗಳ ಕಳೆದ ಕಿವಿಯೋಲೆ.
ಪಟಸ್ತಂಭದ ತಂತಿಗೆ ಉಳಿಕೆ ಪ್ಲಾಸ್ಟಿಕ್ ಕಡ್ಡಿಯನ್ನು
ಮೇಣದಬತ್ತಿಯ ಮೇಲೆ ತಿರುಗಿಸುತ್ತ ಹಿಡಿದು,
ಅದು ಹೊಳೆದು ಬಾಗುವ ಆ ಒಂದು ಕ್ಷಣ ನೋಡಿ
ಎಳೆಯಬೇಕು. ತಲೆ ಮರೆತಿತ್ತು.
ಕೈ ಎಳೆಯಿತು, ಕೂದಲಂಥ ಎಳೆ, ತುಂಡಾಗದೆ,
ಬಾಗಿಲಿನ ತನಕ.

ಆಮೇಲೆ ಕಂಡಿತು, ಬಲಗಡೆಯ ಪಕ್ಕೆಯಲ್ಲಿ,
ಅಂಟಿನಲ್ಲಿ ಒತ್ತಿಹೋದ ಒಂದು ಹೆಬ್ಬೆಟ್ಟು.
ಸುಳಿಯೊಳಗೆ ಸುಳಿ, ನನ್ನದಕ್ಕಿಂತ ಚಿಕ್ಕದು.
ಏಳುನೂರರ ಲೆಕ್ಕದಲ್ಲಿ ಹತ್ತು ಮೀಟರಿನ ಗಾಯ;
ಅಂಥ ಗಾಯದ ಹಡಗು ನಮ್ಮಲ್ಲಿಗೇ ಬರುತ್ತದೆ.
ಕನ್ನಡಕ ತೆಗೆದೆ, ಒರೆಸಿದೆ, ಹಾಕಿಕೊಂಡೆ.
ಇಟ್ಟುಕೊಳ್ಳಬಹುದಿತ್ತು.
ತಿಕ್ಕಿದೆ. ಮೊದಲು ನಾನೂರು ನಂಬರಿನ ಕಾಗದ, ಆಮೇಲೆ ಸಾವಿರದ್ದು.
ಆ ಹುಡುಗನೂ ತಿಕ್ಕುತ್ತಿದ್ದ,
ಮರಳುಕಾಗದಕ್ಕೆ ಕಾಸಿರಲಿಲ್ಲ.

"ಇದು ತೇಲತದೇನ?"
ಇಲ್ಲ ಅಂದೆ. ನೀರಿನ ಗೆರೆಯಿಂದ ಕೆಳಗೆ ಇದಕ್ಕೆ ಏನೂ ಇಲ್ಲ,
ಮಾಡಿದವರು ಮಾಡಿಯೇ ಇಲ್ಲ. ಚಪ್ಪಟೆ.
ನಾನು ದಿನಾ ನೋಡುವುದು ಬರೀ ಆ ಕೆಳಗಿನದನ್ನೇ,
ಚಿಪ್ಪು ಮೆತ್ತಿದ ಕೆಂಪು ಹೊಟ್ಟೆ, ಕಾಣಬಾರದ್ದು.
ಇದನ್ನು ಎಲ್ಲಿಟ್ಟರೂ ಆಯಿತು,
ಮೇಜಿನ ಮೇಲಿಟ್ಟರೆ ಮೇಜೇ ಸಮುದ್ರ.

ಅವಳು ಚಹಾದ ಕಪ್ಪು ಸರಿಸಿದಳು.
"ಹಂಗಾರ ತಡೀರಿ," ಅಂದಳು, ಒದ್ದೆ ಬಟ್ಟೆ ಹಿಂಡುತ್ತ,
"ಸಮುದ್ರ ಒರಸಬೇಕು."